ನಾಸ್ತಿಕರಿಗೂ ವಾರಕ್ಕೊಮ್ಮೆ ಸೇರಲು ಒಂದು ಮಂದಿರ ಬೇಕಲ್ಲವೇ? ಕಟ್ಟುವುದಾದರೆ ಅದು ಹೇಗಿರಬೇಕು?

ಗುಮ್ಮಟ ಇರಬೇಕೇ, ಮೌನವಾಗಿ ಕೂರಲು ಒಂದು ಕೋಣೆ ಬೇಕೇ, ಗೋಡೆಯ ಮೇಲೆ ನಕ್ಷತ್ರಗಳನ್ನು ಬರೆಸಬಹುದೇ ಎಂದೆಲ್ಲ ಕೇಳಿದ್ದೀರಿ. ಓದುತ್ತಿದ್ದಂತೆ ನಗು ಬಂತು. ಇವೇ ಪ್ರಶ್ನೆಗಳು ನನ್ನ ಹಳೇ ನೋಟ್‌ಬುಕ್ಕಿನಲ್ಲೂ ಇವೆ. ಗುಮ್ಮಟದ ಚಿತ್ರ ಸಮೇತ.

ನಾವು ಏಳು ಜನ ಇದ್ದೆವು. ದೇವರನ್ನು ಬಿಟ್ಟಿದ್ದು ಅಂಥ ಕಷ್ಟವೇನಾಗಿರಲಿಲ್ಲ. ಮನೆಯಲ್ಲಿ ಎಲ್ಲರೂ ಪೂಜೆಗೆ ಕೂತಾಗ ನಾವು ಎಲ್ಲಿ ಕೂರಬೇಕು ಅನ್ನುವುದೇ ದೊಡ್ಡ ಕಷ್ಟವಾಗಿತ್ತು. ನಮಗೂ ಒಂದು ಜಾಗ ಬೇಕು ಅನ್ನಿಸಿದ್ದು ಅಲ್ಲಿಂದ. ಬರಹಗಾರ ಅಲೆನ್ ಡಿ ಬಾಟನ್ 2012ರಲ್ಲಿ ಲಂಡನ್ನಿನಲ್ಲಿ ನಾಸ್ತಿಕರಿಗೊಂದು ಗೋಪುರ ಕಟ್ಟಬೇಕು ಎಂದಿದ್ದರು. ಅದು ನಮ್ಮ ತಲೆಗೆ ಹೊಕ್ಕಿತ್ತು. 46 ಮೀಟರ್ ಎತ್ತರ. ಒಂದೊಂದು ಸೆಂಟಿಮೀಟರಿಗೆ ಭೂಮಿಯ ಹತ್ತು ಲಕ್ಷ ವರ್ಷ. ಅದರಲ್ಲಿ ಒಂದು ಮಿಲಿಮೀಟರಿನ ಚಿನ್ನದ ಪಟ್ಟಿ, ಅಷ್ಟೇ ಮನುಷ್ಯರ ಪಾಲು. ಚೆನ್ನಾಗಿದೆ ಅಲ್ವಾ? ಆದರೆ ಆ ಗೋಪುರ ಏಳಲೇ ಇಲ್ಲ. ನಾಸ್ತಿಕರಿಗೆ ದೇವಾಲಯ ಯಾಕೆ, ಆ ದುಡ್ಡಿಗೆ ಬೇರೆ ಒಳ್ಳೆಯ ಕೆಲಸಗಳಿವೆ ಎಂದು ಜೀವವಿಜ್ಞಾನಿ, ಹೆಸರಾಂತ ನಾಸ್ತಿಕ ರಿಚರ್ಡ್ ಡಾಕಿನ್ಸ್ ಆಗಲೇ ತಳ್ಳಿಹಾಕಿದ್ದರು. ನಾವು ಅವರ ಪುಸ್ತಕ ಓದಿ ಬೆಳೆದವರೇ. ಆದರೂ ಈ ವಿಷಯಕ್ಕೆ ಅವರ ಮೇಲೆ ಸಿಟ್ಟಾದೆವು.

ನಮಗೆ ಸಿಕ್ಕಿದ್ದು ಗೆಳೆಯನೊಬ್ಬನ ಖಾಲಿ ಗೋದಾಮು. ಸುಣ್ಣ ಬಳಿದೆವು. ಹೆಸರೇನಿಡಬೇಕು ಅಂತ ಮೂರು ತಿಂಗಳು ಜಗಳವಾಡಿದೆವು. (‘ಮಂದಿರ’ ಅನ್ನುವ ಪದ ಬಳಸಬಹುದಾ ಅನ್ನುವ ಚರ್ಚೆಯೇ ಎರಡು ಭಾನುವಾರ ತಿಂದಿತು.) ಕೊನೆಗೆ ಹೆಸರಿಲ್ಲದೆಯೇ ಶುರು ಮಾಡಿದೆವು. ವಾರಕ್ಕೊಂದು ಭಾಷಣ, ಆಮೇಲೆ ಚರ್ಚೆ. ವಿಕಾಸವಾದ, ಪವಾಡಗಳ ಗುಟ್ಟು, ನೀತಿಗೆ ದೇವರು ಬೇಕೇ, ಇಂಥವು. ನಲವತ್ತು ಜನ ಬರುತ್ತಿದ್ದರು.

ಈಗ ನಾವು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಕೇಳಿದವರೆಲ್ಲ ‘ಇಷ್ಟೇನಾ?’ ಅನ್ನುತ್ತಾರೆ. ನಾವು ಹಾಜರಿ ಪುಸ್ತಕ ಇಡಲಿಲ್ಲ.

ಮರೆತಿದ್ದಲ್ಲ. ಬೇಕಂತಲೇ ಇಡಲಿಲ್ಲ. ಎರಡನೇ ವಾರವೇ ಒಬ್ಬರು, ಬಾಗಿಲ ಬಳಿ ಒಂದು ಪುಸ್ತಕ ಇಡೋಣ, ಬಂದವರು ಹೆಸರು, ಫೋನ್ ನಂಬರ್ ಬರೆಯಲಿ ಎಂದರು. ಜಾಸ್ತಿ ಕೂಗಾಡಿದವನು ನಾನೇ. ನಾವೇನು ಕುರಿಮಂದೆಯಾ, ಎಣಿಸೋಕೆ? ಬರುವವರು ಬರಲಿ, ಹೋಗುವವರು ಹೋಗಲಿ, ಯಾಕೆ ಬರಲಿಲ್ಲ ಅಂತ ಯಾರೂ ಯಾರನ್ನೂ ಕೇಳಬಾರದು ಎಂದೆ. ಚಪ್ಪಾಳೆ ಬಿತ್ತು. ಚಿಕ್ಕಂದಿನಿಂದ ‘ಯಾಕೆ ಬರಲಿಲ್ಲ, ಯಾಕೆ ಕೈ ಮುಗಿಯಲಿಲ್ಲ’ ಅನ್ನಿಸಿಕೊಂಡು ರೋಸಿಹೋದವರು ನಾವು. ಹಾಗಾಗಿ ಆ ಮಾತು ಎಲ್ಲರಿಗೂ ಹಿಡಿಸಿತು. ಆದರೆ ‘ಯಾಕೆ ಬರಲಿಲ್ಲ’ ಅಂತ ಎರಡು ಥರ ಕೇಳಬಹುದು. ಒಂದು, ಲೆಕ್ಕ ಕೇಳುವುದು. ಇನ್ನೊಂದು, ಹುಷಾರಾಗಿದ್ದೀರಾ ಅಂತ ವಿಚಾರಿಸುವುದು. ಮೊದಲನೆಯದನ್ನು ಓಡಿಸಲು ಹೋಗಿ ಎರಡನೆಯದನ್ನೂ ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡೆವು. ಎಲ್ಲರ ಮುಖ ಗೊತ್ತು. ಹೆಸರು ಅರ್ಧಂಬರ್ಧ ಗೊತ್ತು. ಮನೆ ಯಾರದೂ ಗೊತ್ತಿಲ್ಲ.

ನಿವೃತ್ತ ಗಣಿತದ ಮೇಷ್ಟ್ರು ಒಬ್ಬರು ಬರುತ್ತಿದ್ದರು. ಎರಡನೇ ಸಾಲು, ಕಿಟಕಿ ಪಕ್ಕ. ಬೆನ್ನುನೋವಿಗೆ ಮನೆಯಿಂದಲೇ ಒಂದು ದಿಂಬು ತರುತ್ತಿದ್ದರು. ಚರ್ಚೆ ಮುಗಿದ ಮೇಲೆ ಕುರ್ಚಿ ಮಡಚುತ್ತಾ ಆಗಾಗ ಒಂದು ಮಾತು ಹೇಳುವರು: “ನಾನು ಸತ್ತಾಗ ಮಂತ್ರ ಗಿಂತ್ರ ಬೇಡ ಕಣ್ರಯ್ಯಾ. ಯಾರಾದರೂ ಅನಂತದ ಬಗ್ಗೆ ಹತ್ತು ನಿಮಿಷ ಮಾತಾಡಿ, ಸಾಕು.” ನಾವು ನಗುತ್ತಿದ್ದೆವು. ಎರಡು ವರ್ಷ ಬಂದರು. ಆಮೇಲೆ ಬರಲಿಲ್ಲ. ನಾವು ಗಮನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಗಮನಿಸಿದೆವು, ಬೇಜಾರು ಬಂದಿರಬೇಕು ಅಂದುಕೊಂಡೆವು. ಕೇಳಬಾರದು ಅನ್ನುವ ನಿಯಮ ನಮ್ಮದೇ ತಾನೇ.

ಐದು ತಿಂಗಳಾದ ಮೇಲೆ ಅವರ ಮಗಳು ಬಂದು ನಾಲ್ಕು ಪುಸ್ತಕ ಮೇಜಿನ ಮೇಲಿಟ್ಟರು. ನಮ್ಮ ಪುಟ್ಟ ಲೈಬ್ರರಿಯ ಮೊಹರು ನೋಡಿ ಹುಡುಕಿಕೊಂಡು ಬಂದಿದ್ದರು. ಅಪ್ಪ ಮೂರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಹೋಗಿ ಎರಡು ತಿಂಗಳಾಗಿತ್ತು. “ಅಪ್ಪನಿಗೆ ಶಾಸ್ತ್ರ ಎಲ್ಲ ಇಷ್ಟ ಇರಲಿಲ್ಲ ಅಂತ ಗೊತ್ತಿತ್ತು. ಆದರೆ ಬೇರೆ ಏನು ಮಾಡಬೇಕು, ಯಾರನ್ನು ಕರೆಯಬೇಕು ತಿಳೀಲಿಲ್ಲ. ಪುರೋಹಿತರ ನಂಬರ್ ಅಮ್ಮನ ಹತ್ತಿರ ಇತ್ತು” ಎಂದರು.

ನೋಡಿ, ಲೈಬ್ರರಿಗೆ ಮಾತ್ರ ನಾವು ರಿಜಿಸ್ಟರ್ ಇಟ್ಟಿದ್ದೆವು. ನಾಲ್ಕು ಪುಸ್ತಕ ವಾಪಸ್ ಬಂದಿಲ್ಲ ಅನ್ನುವುದು ನಮಗೆ ಐದು ತಿಂಗಳಿಂದ ಗೊತ್ತಿತ್ತು.

ಮುಂದಿನ ವರ್ಷ ಗೋದಾಮು ಬಿಟ್ಟೆವು. ಜಗಳ ಏನಿಲ್ಲ. ಸುಮ್ನೆ ಜನ ಕಮ್ಮಿಯಾಗುತ್ತಾ ಹೋದರು, ಯಾರು ಬಿಟ್ಟರು ಅನ್ನುವುದಕ್ಕೂ ದಾಖಲೆ ಇರಲಿಲ್ಲ.

ಹಾಗಾಗಿ ಕಟ್ಟಡ ಹೇಗಿರಬೇಕು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 1793ರಲ್ಲಿ ಫ್ರಾನ್ಸಿನ ಕ್ರಾಂತಿಕಾರರು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚನ್ನೇ ವಿವೇಕದ ಮಂದಿರ ಮಾಡಿದರು. ಅದಕ್ಕಿಂತ ಚೆಂದದ ಕಟ್ಟಡ ನಿಮಗೂ ನನಗೂ ಸಿಗುವುದಿಲ್ಲ. ಮರುವರ್ಷವೇ ಕ್ರಾಂತಿಯ ನಾಯಕ ರೋಬೆಸ್ಪಿಯರ್ ಅದನ್ನು ಬದಿಗೆ ಸರಿಸಿ ‘ಪರಮಶಕ್ತಿ’ ಎಂಬ ದೇವರ ಹಬ್ಬ ಮಾಡಿಸಿದ. ಲಂಡನ್ನಿನಲ್ಲೇ 2013ರ ಜನವರಿಯಲ್ಲಿ ಇಬ್ಬರು ಹಾಸ್ಯ ಕಲಾವಿದರು ಹಳೆಯ ಚರ್ಚೊಂದರಲ್ಲಿ ಸಂಡೇ ಅಸೆಂಬ್ಲಿ ಶುರು ಮಾಡಿದರು. ಹಾಡು, ಒಂದು ಮಾತು, ಸ್ವಲ್ಪ ಮೌನ, ದೇವರು ಮಾತ್ರ ಇಲ್ಲ. ಬೇರೆ ಬೇರೆ ದೇಶಗಳಿಗೆ ಬೇಗ ಹಬ್ಬಿತು, ಆಮೇಲೆ ಎಷ್ಟೋ ಕಡೆ ಮುಚ್ಚಿಹೋಯಿತು. ಅದೇ ಲಂಡನ್ನಿನಲ್ಲಿ, ದೇವರಿಲ್ಲದೆಯೂ ನೀತಿ ಸಾಧ್ಯ ಅನ್ನುವವರ ಸಭಾಂಗಣ ಕಾನ್ವೇ ಹಾಲ್ 1929ರಿಂದ ನಡೆಯುತ್ತಿದೆ. ಅಲ್ಲಿ ಭಾನುವಾರದ ಸಂಗೀತ ಕಚೇರಿ ಇದೆ, ಲೈಬ್ರರಿ ಇದೆ. ಅಂದರೆ ದೇವರ ಬಗ್ಗೆ ತಲೆಕೆಡಿಸಿಕೊಳ್ಳದವರಿಗೂ ಅಲ್ಲಿಗೆ ಹೋಗಲು ಕಾರಣವಿದೆ. ದೇವರಿಲ್ಲ ಅಂತ ವಾರವಾರವೂ ಕೇಳಲು ಯಾರು ಬರುತ್ತಾರೆ ಹೇಳಿ? ಒಂದು ಸಲ ಕೇಳಿದರೆ ಸಾಕಲ್ಲ.

ನನ್ನನ್ನು ಕೇಳಿದರೆ, ಮನೆಯಲ್ಲಿ ಹುಟ್ಟು, ಮದುವೆ, ಸಾವು ಬಂದಾಗ ಕರೆದರೆ ಬರುವ ನಾಲ್ಕು ಜನ ಮೊದಲು ಬೇಕು. ನಾರ್ವೆಯ ಮಾನವತಾವಾದಿಗಳು (ದೇವರನ್ನು ಬಿಟ್ಟು ಮನುಷ್ಯರ ಒಳಿತೇ ಮುಖ್ಯ ಅನ್ನುವವರು) 1951ರಿಂದ ಹದಿನೈದರ ಆಸುಪಾಸಿನ ಮಕ್ಕಳಿಗೆ ಚರ್ಚಿನ ದೀಕ್ಷೆಯ ಬದಲು ತಮ್ಮದೇ ತರಗತಿ, ತಮ್ಮದೇ ಸಮಾರಂಭ ನಡೆಸುತ್ತಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಮಾನವತಾವಾದಿಗಳು ನಡೆಸುವ ಮದುವೆಗೆ 2005ರಿಂದ ಕಾನೂನಿನ ಮಾನ್ಯತೆಯಿದೆ. ಬ್ರಿಟನ್ನಿನಲ್ಲಿ ಅಂತ್ಯಸಂಸ್ಕಾರ ನಡೆಸಿಕೊಡಲು ತರಬೇತಿ ಪಡೆದ ಮಾನವತಾವಾದಿಗಳು ಮನೆಗೆ ಬಂದು, ಮನೆಯವರ ಜೊತೆ ಕೂತು, ಹೋದವರ ಕಥೆ ಕೇಳಿ ಬರೆದುಕೊಳ್ಳುತ್ತಾರೆ. ಸಮಾರಂಭದ ನಡುವೆ ಸ್ವಲ್ಪ ಹೊತ್ತು ಮೌನ ಇರುತ್ತದೆ. ಬೇಕಾದವರು ಆಗ ಮನಸ್ಸಿನಲ್ಲೇ ಪ್ರಾರ್ಥಿಸಿಕೊಳ್ಳಬಹುದು. ಮೊದಲು ಇದನ್ನು ಓದಿದಾಗ ರಾಜಿ ಅನ್ನಿಸಿತ್ತು. ಮೇಷ್ಟ್ರ ಹೆಂಡತಿಯನ್ನು ಭೇಟಿಯಾದ ಮೇಲೆ ಹಾಗನ್ನಿಸಲಿಲ್ಲ.

‘ನಾಸ್ತಿಕರಿಗೆ ಮಾತ್ರ’ ಅನ್ನುವ ಬೋರ್ಡೂ ಬೇಡ ಅನ್ನುತ್ತೇನೆ. ಬಹಳ ಜನರ ಗಂಡನೋ ಹೆಂಡತಿಯೋ ನಂಬುವವರೇ. ಅವರನ್ನು ಹೊರಗಿಟ್ಟರೆ ಕಷ್ಟಕಾಲದಲ್ಲಿ ನಿಮಗೆ ಫೋನ್ ಮಾಡುವವರು ಯಾರು?

ಈಗ ನಾವು ಹನ್ನೊಂದು ಜನ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ತನಗೆ ಎಂಥ ಅಂತ್ಯಸಂಸ್ಕಾರ ಬೇಕು ಅಂತ ಪ್ರತಿಯೊಬ್ಬರೂ ಒಂದು ಹಾಳೆ ಬರೆದಿದ್ದೇವೆ. ಒಂದು ಪ್ರತಿ ಮನೆಯವರ ಹತ್ತಿರ, ಒಂದು ಗುಂಪಿನ ಹತ್ತಿರ. ಹಾಜರಿ ಪುಸ್ತಕ ನನ್ನ ಬಳಿ ಇದೆ, ಎರಡು ವಾರ ತಪ್ಪಿಸಿಕೊಂಡವರಿಗೆ ಫೋನ್ ಮಾಡುವ ಕೆಲಸವೂ ನನ್ನದೇ. ನಿನ್ನೆ ಇಬ್ಬರಿಗೆ ಮಾಡಿದೆ. ಒಬ್ಬರಿಗೆ ಜ್ವರ. ಇನ್ನೊಬ್ಬರು, ಅತ್ತೆಯನ್ನು ತೀರ್ಥಯಾತ್ರೆಗೆ ಕರೆದುಕೊಂಡು ಹೋಗಿದ್ದೆ, ಕಾರು ಓಡಿಸಲು ಬೇರೆ ಯಾರೂ ಇರಲಿಲ್ಲ, ಸಾರಿ ಅಂದರು.