ಓದುಗರ ಪ್ರಶ್ನೆ: ಎಳನೀರು ಗಾಡಿಯ ಎದುರು ಮನೆ

ಬೆಂಗಳೂರಿನಲ್ಲಿ ಮನೆ ಹುಡುಕುವುದಕ್ಕಿಂತ ಹೆಣ್ಣು ಹುಡುಕುವುದು ಸುಲಭ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ನಾನು ಹೇಳಿದ್ದು ಬಾಡಿಗೆ ಮನೆಯ ಮಾತಲ್ಲ, ವಿಳಾಸ ಹಿಡಿದು ಹೋಗಿ ನೆಂಟರ ಮನೆಯನ್ನು ಪತ್ತೆ ಮಾಡುವ ಮಾತು. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ.

ಪ್ರಶ್ನೆ: ಕಚೇರಿ ಎಷ್ಟು ದೂರವೆಂದು ಬೆಂಗಳೂರಿನಲ್ಲಿರುವ ನನ್ನ ಮಗನನ್ನು ಕೇಳಿದರೆ ‘ಒಂದೂಕಾಲು ಗಂಟೆ’ ಎನ್ನುತ್ತಾನೆ. ದೂರ ಕೇಳಿದರೆ ಹೊತ್ತು ಹೇಳುವ ಈ ಅಭ್ಯಾಸ ಎಲ್ಲಿಂದ ಬಂತು?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ನಿಮ್ಮ ಕಡೆಯಿಂದಲೇ ಬಂದಿರಬೇಕು, ಮೇಷ್ಟ್ರೇ. ‘ಇಲ್ಲೇ, ಒಂದು ಕವಳ (ಎಲೆ ಅಡಿಕೆ) ಹಾಕಿ ಮುಗಿಸುವುದರೊಳಗೆ ಸಿಕ್ಕುತ್ತದೆ’ ಎಂದು ನಿಮ್ಮೂರಿನವರು ದಾರಿ ಹೇಳುವಾಗಲೂ ಹೊತ್ತನ್ನೇ ಅಳೆಯುತ್ತಿದ್ದರಲ್ಲವೇ? ವ್ಯತ್ಯಾಸವಿರುವುದು ಅಳತೆಗೋಲಿನ ನಿಯತ್ತಿನಲ್ಲಿ. ಅಲ್ಲಿ ಒಂದು ಕವಳದ ದಾರಿ ಬೆಳಿಗ್ಗೆಯೂ ಸಂಜೆಯೂ ಒಂದೇ ಕವಳದ್ದು. ಇಲ್ಲಿನ ಸಿಲ್ಕ್ ಬೋರ್ಡ್ ಜಂಕ್ಷನ್ ಬೆಳಿಗ್ಗೆ ಆರು ಗಂಟೆಗೆ ಅರ್ಧ ಕವಳ, ಸಂಜೆ ಆರು ಗಂಟೆಗೆ ಕವಳದ ತಟ್ಟೆಯೇ ಬರಿದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಗೂ ಎಂ.ಜಿ. ರಸ್ತೆಗೂ ನಡುವೆ ಮೆಟ್ರೊ ಓಡತೊಡಗಿದ ಮೇಲೆ ಕೆಲವರಿಗಾದರೂ ಅಳತೆಗೋಲು ನೆಟ್ಟಗಾಗಿದೆ, ಅವರು ‘ಏಳು ಸ್ಟೇಷನ್’ ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಏಳನೆಯ ಸ್ಟೇಷನ್ನಿನಿಂದ ಮನೆಗೆ ಎಷ್ಟು ದೂರವೆಂದು ಮಾತ್ರ ಅವರನ್ನು ಕೇಳಬಾರದು. ಇನ್ನೊಂದು ವಿಷಯ: ನಿಮ್ಮ ಮಗ ಫೋನಿನಲ್ಲಿ ‘ಬಂದೇಬಿಟ್ಟೆ’ ಎಂದರೆ ಸ್ನಾನಕ್ಕೆ ನೀರು ಕಾಯುತ್ತಿದೆ ಎಂದೂ, ‘ಹೊರಟೆ’ ಎಂದರೆ ಇನ್ನೂ ಹಾಸಿಗೆ ಬಿಟ್ಟಿಲ್ಲವೆಂದೂ ತಿಳಿಯಿರಿ.

ಪ್ರಶ್ನೆ: ಬಸ್ಸಿನ ಫಲಕದಲ್ಲಿ ‘ಕೆಂಪೇಗೌಡ ಬಸ್ ನಿಲ್ದಾಣ’ ಎಂದಿರುತ್ತದೆ, ಕಂಡಕ್ಟರ್ ‘ಮೆಜೆಸ್ಟಿಕ್’ ಎಂದು ಕೂಗುತ್ತಾರೆ. ಇಳಿದು ನೋಡಿದರೆ ಮೆಜೆಸ್ಟಿಕ್ ಎನ್ನುವಂಥದ್ದು ಏನೂ ಕಾಣಲಿಲ್ಲ. ಅದು ಎಲ್ಲಿದೆ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕಂಡಕ್ಟರ ಬಾಯಲ್ಲಿದೆ. ಮೆಜೆಸ್ಟಿಕ್ ಎನ್ನುವುದು ಅಲ್ಲಿದ್ದ ಚಿತ್ರಮಂದಿರದ ಹೆಸರು. ಮಂದಿರ ಹೋಯಿತು, ಚಿತ್ರವೂ ಹೋಯಿತು, ಹೆಸರೊಂದು ಮಾತ್ರ ಟಿಕೆಟ್ಟಿಲ್ಲದೆ ಓಡಾಡಿಕೊಂಡಿದೆ. ನೀವು ಬ್ಯಾಗು ಇಳಿಸಿದ ಜಾಗದಲ್ಲಿ ಅದಕ್ಕೂ ಹಿಂದೆ ಧರ್ಮಾಂಬುಧಿ ಕೆರೆಯಿತ್ತು. ಪಕ್ಕದ ರಸ್ತೆಯನ್ನು ಇವತ್ತಿಗೂ ಟ್ಯಾಂಕ್ ಬಂಡ್ ರಸ್ತೆ ಎನ್ನುತ್ತಾರೆ. ಏರಿಯ ಹೆಸರು ಉಳಿಯಿತು, ಅದು ತಡೆದು ನಿಲ್ಲಿಸಿದ್ದ ನೀರು ಉಳಿಯಲಿಲ್ಲ. ಸಂಪಂಗಿ ಕೆರೆಯಿದ್ದ ಕಡೆ ಕಂಠೀರವ ಕ್ರೀಡಾಂಗಣವಿದೆ, ಈಜುತ್ತಿದ್ದ ಜಾಗದಲ್ಲಿ ಈಗ ಓಡುತ್ತಾರೆ. ಬೊಮ್ಮಸಂದ್ರ, ಸಿಂಗಸಂದ್ರ ಮೊದಲಾದ ಹೆಸರುಗಳ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ದಿಂದ, ಎಂದರೆ ದೊಡ್ಡ ಕೆರೆಯಿಂದ ಬಂದದ್ದೆಂದು ಹೇಳುವುದನ್ನು ಕೇಳಿದಾಗಲೆಲ್ಲ, ನೀರಿಲ್ಲದ ಊರಿಗೆ ನಮ್ಮ ಹಿರಿಯರು ಸುಮ್ಮನೆ ದೊಡ್ಡ ಹೆಸರಿಟ್ಟಿರಲಾರರು, ತುಂಬಿದ ಕೆರೆಯನ್ನು ಕಣ್ಣಾರೆ ನೋಡಿಯೇ ಇಟ್ಟಿರಬೇಕು ಎನಿಸುತ್ತದೆ.

ಹೀಗೆ ಇಲ್ಲದ ವಸ್ತುವಿನ ಹೆಸರು ಹಿಡಿದು ಇರುವ ಜಾಗಕ್ಕೆ ತಲುಪುವ ವಿದ್ಯೆ ಬಂದವನೇ ಬೆಂಗಳೂರಿಗ. ರೈಲ್ವೆ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನವರ ಹೆಸರಿಟ್ಟು ವರ್ಷಗಳಾದರೂ ನನ್ನಂಥವರು ಆಟೊದವರಿಗೆ ‘ಸಿಟಿ ಸ್ಟೇಷನ್’ ಎಂದೇ ಹೇಳುತ್ತೇವೆ. ಅದು ಅಗೌರವವಲ್ಲ, ನಾಲಿಗೆಗೆ ಗೆಜೆಟ್ ಓದುವ ಅಭ್ಯಾಸವಿಲ್ಲ, ಅಷ್ಟೇ.

ಪ್ರಶ್ನೆ: ನಿಮ್ಮೂರಿನಲ್ಲಿ ಕನ್ನಡದವರೇ ‘ಸ್ಟ್ರೈಟ್ ಹೋಗಿ ಲೆಫ್ಟ್ ತಗೊಳ್ಳಿ’ ಎನ್ನುತ್ತಾರೆ. ಎಡ ಬಲಗಳಿಗೆ ಏನಾಯಿತು?
– ಗೃಹಿಣಿ, ಉಡುಪಿ

ಉತ್ತರ: ನಿಮ್ಮ ಕಡೆಯವರು ತೆಂಕು, ಬಡಗು ಎಂದು ಸೂರ್ಯನನ್ನು ಸಾಕ್ಷಿಗಿಟ್ಟು ದಾರಿ ಹೇಳುವವರು. ಇಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಸೂರ್ಯ ಸಾಕ್ಷಿ ಹೇಳಲು ಬರುವುದು ಹನ್ನೊಂದರ ಮೇಲೆ. ಪದದ ಬಗ್ಗೆ ನೀವು ಹೆಚ್ಚು ಚಿಂತಿಸಬೇಡಿ. ‘ಲೆಫ್ಟ್’ ಎನ್ನುವ ಹತ್ತು ಜನರಲ್ಲಿ ನಾಲ್ವರ ಕೈ ಬಲಕ್ಕೆ ತೋರಿಸುತ್ತಿರುತ್ತದೆ. ಕೈಯನ್ನು ನಂಬಿ ಹೋಗಿ.

ಪ್ರಶ್ನೆ: ಆಟೊದವರು ‘ಎಲ್ಲಿಗೆ?’ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಒಂದು ಮಾತೂ ಆಡದೆ ಹೊರಟುಹೋಗುತ್ತಾರೆ. ಬರುವುದಿಲ್ಲವೆಂದ ಮೇಲೆ ಕೇಳುವುದೇಕೆ?
– ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ನಾನೂ ಒಮ್ಮೆ ಇದನ್ನೇ ಒಬ್ಬ ಚಾಲಕರಿಗೆ ಕೇಳಿದೆ. ‘ಸಾರ್, ನೀವು ಹೋಗೋ ಕಡೆ ನಮ್ಮನೆ ಇಲ್ಲ’ ಎಂದರು. ದಿನವೆಲ್ಲ ಪರರ ಮನೆ ತಲುಪಿಸುವ ಮನುಷ್ಯನಿಗೆ ಸಂಜೆಯ ಹೊತ್ತು ತನ್ನ ಮನೆಯ ದಿಕ್ಕು ಕಂಡರೆ ತಪ್ಪೆನ್ನಲಾರೆ. ಮೀಟರಿನ ವಿಷಯ ಬೇರೆ. ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ ಎಂದು 2025ರ ಆಗಸ್ಟಿನಿಂದ ನಿಗದಿಯಾಗಿದೆ, ರಾತ್ರಿ ಹತ್ತರ ನಂತರ ಒಂದೂವರೆ ಪಟ್ಟು. ಆದರೂ ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎನ್ನುವುದು ನಿಂತಿಲ್ಲ. ಆ ಇಪ್ಪತ್ತು ಯಾವುದಕ್ಕೆಂದು ಕೇಳಿದರೆ ‘ಬರುವಾಗ ಖಾಲಿ ಬರಬೇಕು’ ಎನ್ನುತ್ತಾರೆ. ಖಾಲಿ ಬರುತ್ತಿದ್ದ ಆಟೊ ಒಂದನ್ನೂ ನಾನು ಈವರೆಗೆ ನಿಲ್ಲಿಸಲಾಗಿಲ್ಲ.

ಪ್ರಶ್ನೆ: ಬೆಂಗಳೂರಿನ ವಿಳಾಸದಲ್ಲಿ ಮನೆ ನಂಬರು, ಕ್ರಾಸು, ಮೇನು, ಬ್ಲಾಕು, ಸ್ಟೇಜು ಎಲ್ಲವೂ ಇರುತ್ತವೆ. ಆದರೂ ಮನೆ ಸಿಗುವುದಿಲ್ಲ. ಏಕೆ?
– ವ್ಯಾಪಾರಿ, ವಿಜಯಪುರ

ಉತ್ತರ: ವಿಜಯಪುರದಲ್ಲಿ ಗೋಳಗುಮ್ಮಟದ ಕಡೆ ಬೆನ್ನು ಮಾಡಿ ನಿಂತರೆ ದಾರಿ ತಾನಾಗಿ ತಿಳಿಯುತ್ತದೆ; ನಮಗೆ ಆ ಭಾಗ್ಯವಿಲ್ಲ. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ, ನೇರವಾದ ಬೀದಿಗಳೊಂದಿಗೆ ಕಟ್ಟಿದರು. ಸಂಪಿಗೆ ರಸ್ತೆ, ಮಾರ್ಗೋಸ ರಸ್ತೆಗಳು ಉದ್ದಕ್ಕೆ, ಕ್ರಾಸುಗಳು ಅಡ್ಡಕ್ಕೆ. ಎಂಟರ ಪಕ್ಕದಲ್ಲಿ ಒಂಬತ್ತು ಇರುತ್ತಿತ್ತು. ಆಮೇಲೆ ಊರು ಹೊಲಗದ್ದೆಗಳ ಮೇಲೆ ಹಬ್ಬಿತು, ಒಬ್ಬೊಬ್ಬರು ತಮ್ಮ ತಮ್ಮ ಹೊಲಕ್ಕೆ ತಾವೇ ‘ಒಂದನೇ ಕ್ರಾಸ್’ ಮಾಡಿಕೊಂಡರು. ನಮ್ಮ ಬಡಾವಣೆಯಲ್ಲಿ ಮೂರು ‘ಒಂದನೇ ಕ್ರಾಸ್’ಗಳಿವೆ, ನಾಲ್ಕನೆಯದು ಇಲ್ಲವೇ ಇಲ್ಲ. ನಮ್ಮ ಗೋಡೆಯ ಮೇಲೆ ಹಳೆಯ ನಂಬರು, ಹೊಸ ನಂಬರು ಎರಡೂ ಇದ್ದು, ಹಾಲಿನವನು ಒಂದನ್ನೂ ಅಂಚೆಯವರು ಇನ್ನೊಂದನ್ನೂ ನಂಬುತ್ತಾರೆ.

ಆದ್ದರಿಂದ ಯಾರು ಕೇಳಿದರೂ ‘ಎಳನೀರು ಗಾಡಿ ಇದೆಯಲ್ಲ, ಅದರ ಎದುರು ಮನೆ’ ಎನ್ನುವುದನ್ನು ನಾವು ರೂಢಿ ಮಾಡಿಕೊಂಡಿದ್ದೆವು. ಹೊಂಗೆಮರದ ಕೆಳಗೆ, ಗೊಬ್ಬರದ ಚೀಲ ಹೊಲಿದು ಮಾಡಿದ ನೆರಳಿನಲ್ಲಿ, ಮದ್ದೂರಿನ ಕಡೆಯ ಮನುಷ್ಯನೊಬ್ಬ ನಿಲ್ಲಿಸಿಕೊಳ್ಳುವ ತಳ್ಳುಗಾಡಿ ಅದು. ಮಚ್ಚಿನ ಎರಡು ಏಟಿಗೆ ಬುರುಡೆ ಹಾರಿಸಿ, ಮೂರನೆಯ ಏಟಿಗೆ ನೀರು ಚೆಲ್ಲದಂತೆ ತೂತು ಮಾಡುವ ಅವನ ಕೈಚಳಕವನ್ನು ನೋಡುತ್ತ ನಿಂತವರಿಗೆ ನಮ್ಮ ಮನೆ ತಪ್ಪಿಹೋಗುವ ಪ್ರಶ್ನೆಯೇ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಅವನು ಊರಹಬ್ಬಕ್ಕೆಂದು ಹೋಗಿ ಒಂಬತ್ತು ದಿನ ಬರಲಿಲ್ಲ. ಆ ಒಂಬತ್ತು ದಿನ ನಮಗೆ ವಿಳಾಸವೇ ಇರಲಿಲ್ಲವೆನ್ನಬೇಕು. ಗ್ಯಾಸ್ ಸಿಲಿಂಡರು ವಾಪಸಾಯಿತು. ಮೈಸೂರಿನಿಂದ ಬಂದ ನನ್ನ ಷಡ್ಡಕರು ಮೂರೂ ‘ಒಂದನೇ ಕ್ರಾಸ್’ಗಳಿಗೆ ಪ್ರದಕ್ಷಿಣೆ ಹಾಕಿ, ಕೊನೆಗೆ ಮುಖ್ಯರಸ್ತೆಯ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತ ‘ನೀನೇ ಬಾರಯ್ಯ’ ಎಂದು ಫೋನ್ ಮಾಡಿದರು. ಊಟ ತಂದ ಹುಡುಗನೊಬ್ಬ ‘ಸಾರ್, ಲೊಕೇಶನ್ ಬಂದಿದೀನಿ, ಮನೆ ಬಂದಿಲ್ಲ’ ಎಂದ. ಇಷ್ಟು ಚೆನ್ನಾದ ಕನ್ನಡ ವಾಕ್ಯವನ್ನು ನಾನು ಆ ತಿಂಗಳು ಬೇರೆಲ್ಲೂ ಓದಲಿಲ್ಲ.

ಹತ್ತನೆಯ ದಿನ ಗಾಡಿ ಬಂತು. ನಾನು ನಮ್ಮ ಕಷ್ಟವನ್ನೆಲ್ಲ ಹೇಳಿಕೊಂಡೆ. ಅವನು ಗಂಜಿ ತೆಗೆಯಲು ಕಾಯಿ ಸೀಳುತ್ತ ಕೇಳಿಸಿಕೊಂಡು, ‘ಅದಿರಲಿ ಸಾರ್, ಗೇಟಿಗೆ ಬಣ್ಣ ಹೊಡೆಸ್ತೀರಂತೆ, ಅಮ್ಮಾವ್ರು ಹೇಳಿದ್ರು. ಬೇರೆ ಬಣ್ಣ ಮಾತ್ರ ಬೇಡ. ಲೋಡು ತರೋನಿಗೆ ನೀಲಿ ಗೇಟಿನ ಮುಂದೆ ಇಳಿಸು ಅಂತಲೇ ನಾನು ಹೇಳೋದು’ ಎಂದ.

ನನ್ನ ಹೆಂಡತಿ ಹಸಿರು ಬಣ್ಣದ ಡಬ್ಬವನ್ನು ಆಗಲೇ ತರಿಸಿದ್ದಳು. ಅದು ಈಗ ಹಿತ್ತಲಿನ ಬಾಗಿಲಿಗೆ ಆಗಿದೆ.