ಐದು ನಿಮಿಷದ ಸಾಲಿ ದೆವ್ವ ಯಾಕ ಅಷ್ಟು ಅಂಜಿಸ್ತದ

ಎರಡು ತಾಸಿನ ದೆವ್ವದ ಸಿನಿಮಾ ನೋಡಿ ನಗೋ ಮಗಳು, ಐದು ನಿಮಿಷದ ಜಪಾನಿ ಕಾರ್ಟೂನ್ ನೋಡಿದ ಮ್ಯಾಲ ಸಾಲ್ಯಾಗ ಒಬ್ಬಾಕಿನೇ ಬಾತ್‌ರೂಮಿಗಿ ಹೋಗವಲ್ಲಳು, ಯಾಕ ಅಂತ ಕೇಳೀರಿ ಅಕ್ಕಾರ.

ಆಕಿ ನೋಡಿದ್ದು ಹನಾಕೋ ಅನ್ನೋ ಸಾಲಿ ಶೌಚಾಲಯದ ಹುಡುಗಿ ದೆವ್ವದ ಕಥಿ ಇರಬೇಕ್ರಿ. ಮೂರನೇ ಮಹಡಿ, ಹುಡುಗ್ಯಾರ ಶೌಚಾಲಯ, ಮೂರನೇ ಬಾಗಿಲಾ. ಮೂರು ಸಲ ಬಡದು ಹೆಸರು ಹಿಡದು ಕರೀಬೇಕು. ಜಪಾನಿನ ಸಾಲಿ ಹುಡುಗ್ರು ಬಾಯಿಂದ ಬಾಯಿಗಿ ದಾಟಿಸಿದ್ದು. ಹಾಳು ಬಂಗಲೆಕ್ಕ ಹೋಗದಿದ್ರ ಅಲ್ಲಿ ದೆವ್ವದ ಕಾಟ ಇಲ್ಲ, ಸಾಲಿಗಿ ಮಾತ್ರ ನಾಳೆ ಹೋಗಲೇಬೇಕಲ್ರಿ!

2013ರಾಗ ಶುರುವಾದ 'ಯಾಮಿ ಶಿಬಾಯಿ' ಅನ್ನೋ ಸಣ್ಣ ಸಣ್ಣ ದೆವ್ವದ ಕಥಿಗಳ ಜಪಾನಿ ಕಾರ್ಟೂನ್ ಸರಣಿ ನೋಡ್ರಿ. ಬೀದ್ಯಾಗ ಚಿತ್ರದ ಹಾಳಿ ಒಂದೊಂದಾಗಿ ಸರಿಸಿ ಕಥಿ ಹೇಳೋ ಕಾಮಿಶಿಬಾಯಿ ಧಾಟಿ ಅದರದು. ಚಿತ್ರ ಹೆಚ್ಚು ಅಲುಗಂಗಿಲ್ಲ, ಅದೇ ಅಂಜಿಕಿ. ದೆವ್ವ ಯಾಕ ಬಂತು, ಹ್ಯಾಂಗ ಹೋಗ್ತದ ಅಂತ ಹೇಳಾಕ ಹೊತ್ತೇ ಇರಂಗಿಲ್ಲ. (ನಮ್ಮ ಸಿನಿಮಾದಾಗ ನಿಂಬಿಹಣ್ಣು ಬಂದ ಕೂಡ್ಲೇ ಅರ್ಧಾ ಅಂಜಿಕಿ ಇಳೀತದ.)

ನಮ್ಮ ಕಲಬುರಗಿ ಸಾಲಿಗಳಾಗೂ ಸಾಮಾನು ಕಡಿಮಿಲ್ಲ ಬಿಡ್ರಿ: ಮುರುಕು ಬೆಂಚು ತುಂಬಿ ಕೀಲಿ ಹಾಕಿದ ಖೋಲಿ, ಶಹಾಬಾದಿ ಫರಸಿ ಮ್ಯಾಲ ಯಾರದೋ ಚಪ್ಪಲಿ ಸಪ್ಪಳ. ಮಗಳಿಗಿ ಬೈಬ್ಯಾಡ್ರಿ, ನಾಕು ದಿನ ಗೆಳತೇರ ಜೋಡಿ ಹೋಗಲಿ. ನಿದ್ದಿ ಕೆಟ್ರ ಮಾತ್ರ ರಾತ್ರಿ ಮೊಬೈಲ್ ಕಸಗೊಳ್ರಿ.