ಬೇರೆಯವರ ಕಟ್ಟು ಬ್ಯಾಗಿಗೆ ಹಾಕಬೇಡ, ತಮ್ಮ

ದುಬೈಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀಯ. ತುಂಬಾ ಸಂತೋಷ. ರೂಮಿನ ಬಾಡಿಗೆ, ಊಟ, ಸೆಕೆ, ಎಲ್ಲ ಕೇಳಿದ್ದೀಯ. ಬದಿಯಡ್ಕದ ಪರಿಚಯದವರೊಬ್ಬರು ಇಲ್ಲಿರುವ ಅಳಿಯನಿಗೆ ಒಂದು ಕಟ್ಟು ಕೊಡುತ್ತಾರಂತೆ, ತರಬಹುದಾ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೀಯ. ಆ ಸಾಲಿಗೇ ಮೊದಲು ಉತ್ತರ ಕೊಡುತ್ತೇನೆ. ಬಾಡಿಗೆ, ಊಟದ ವಿಷಯ ಬಂದ ಮೇಲೆ ತಾನಾಗಿ ಗೊತ್ತಾಗುತ್ತದೆ.

ನಮ್ಮ ಕಾಸರಗೋಡು ಕಡೆಯವರಿಗೆ ಗಡಿ ಎಂದರೆ ಕೇರಳ, ಕರ್ನಾಟಕದ ನಡುವಿನ ತಲಪಾಡಿ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಜವಳಿಗೆ ಮಂಗಳೂರಿಗೆ ಹೋಗುವಾಗ ಬಸ್ಸಲ್ಲಿ ಕೂತೇ ದಾಟುತ್ತೇವೆ. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಕರ್ನಾಟಕ ಗಡಿ ಮುಚ್ಚಿದಾಗ ಮಾತ್ರ ಅದರ ಬಿಸಿ ತಟ್ಟಿತು. ಯಾರಾದರೂ ಕಟ್ಟು ಕೊಟ್ಟರೆ ಮುಟ್ಟಿಸುವುದು ನಮಗೆ ಮರ್ಯಾದೆಯ ವಿಷಯ. ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಕಳ್ಳಸಾಗಣೆ ಮಾಡುವವರಿಗೆ ಬೇಕಾಗಿರುವುದು ನಮ್ಮ ಈ ದಾಕ್ಷಿಣ್ಯವೇ.

ಬ್ಯಾಗಿನ ಟ್ಯಾಗ್ ನಿನ್ನ ಹೆಸರಲ್ಲಿರುತ್ತದೆ. ಒಳಗೆ ಗಾಂಜಾ ಸಿಕ್ಕಿದರೆ ಪೊಲೀಸರು ಮೊದಲು ಹಿಡಿಯುವುದು ನಿನ್ನನ್ನು. 'ನನಗೆ ಗೊತ್ತಿರಲಿಲ್ಲ' ಎನ್ನುವುದನ್ನು ನೀನು ಜೈಲಿನಲ್ಲಿದ್ದುಕೊಂಡೇ ಕೋರ್ಟಿಗೆ ಒಪ್ಪಿಸಬೇಕು. ಇಲ್ಲಿ ಮಾದಕ ವಸ್ತು ಸಾಗಣೆಗೆ ಜೀವಾವಧಿ, ಮರಣದಂಡನೆಯವರೆಗೂ ಶಿಕ್ಷೆ ಇದೆ. ನಮ್ಮ ಕಾನ್ಸುಲೇಟಿನವರು ಬಂದು ನೋಡಬಹುದು, ವಕೀಲರನ್ನು ಹುಡುಕಲು ಸಹಾಯ ಮಾಡಬಹುದು. ಬಿಡಿಸಿಕೊಂಡು ಬರಲು ಅವರಿಂದ ಆಗುವುದಿಲ್ಲ. ಆ ಹಿರಿಯರು ಒಳ್ಳೆಯವರೇ ಇರಬಹುದು. ಆದರೆ ಅವರಿಗೆ ಆ ಕಟ್ಟು ಕೊಟ್ಟವರು ಯಾರು? ತರಲೇಬೇಕೆಂದರೆ ಅವರ ಎದುರೇ ಬಿಚ್ಚಿ, ಹಪ್ಪಳದ ಪ್ಯಾಕೆಟ್, ಉಪ್ಪಿನಕಾಯಿ ಡಬ್ಬಿ ಸಹಿತ ನೋಡಿ, ನೀನೇ ಕಟ್ಟು. ಅದಕ್ಕೆ ಅವರು ಒಪ್ಪದಿದ್ದರೆ ಮುಟ್ಟಲೇಬೇಡ.

ನಿನ್ನ ಸ್ವಂತ ಬ್ಯಾಗನ್ನೂ ಒಮ್ಮೆ ನೋಡಿಕೋ. ಪಾಯಸಕ್ಕೆ ಅಂತ ಅಮ್ಮ ಗಸಗಸೆ ಹಾಕಿಯಾರು. ಯುಎಇಯಲ್ಲಿ ಅದಕ್ಕೆ ನಿಷೇಧ ಇದೆ, ಒಂದು ಹಿಡಿಯೂ ಬೇಡ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಾಮಡಾಲ್ ತರಹದ ನೋವಿನ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಸಾಲದು. ಇಲ್ಲಿನ ಸರಕಾರದ ಅನುಮತಿಯನ್ನು ಮೊದಲೇ ಆನ್‌ಲೈನಲ್ಲಿ ತಗೊಳ್ಳಬೇಕು.

ಊರಿಗೆ ಹೊರಟಾಗ ಇನ್ನೊಂದು ಬಲೆ. ಟಿಕೆಟ್ ನಮ್ಮದು, ಮೇಲೆ ಕೈಖರ್ಚಿಗೆ ದುಡ್ಡು, ಸ್ವಲ್ಪ ಚಿನ್ನ ತಗೊಂಡು ಹೋಗು ಎನ್ನುವವರು ಸಿಗುತ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದವರಿಗೆ ಸುಂಕವಿಲ್ಲದೆ ಒಡವೆ ತರಲು ಮಿತಿ ಇದೆ: ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ. ಪೇಸ್ಟ್ ಮಾಡಿ ಅಡಗಿಸಿದ ಚಿನ್ನ ಕಣ್ಣೂರಿನಲ್ಲೋ ಮಂಗಳೂರಿನಲ್ಲೋ ಸಿಕ್ಕಿಬಿದ್ದರೆ ಕಸ್ಟಮ್ಸ್ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು. ಕಸ್ಟಮ್ಸಿನಿಂದ ಪಾರಾದರೂ ಮುಗಿಯಲಿಲ್ಲ. ಚಿನ್ನ ಕೈತಪ್ಪಿತು ಎಂದು ತಂದವನನ್ನೇ ಎಳೆದೊಯ್ದು ಹೊಡೆದದ್ದು ನಮ್ಮ ಕುಂಬಳೆ, ಉಪ್ಪಳ ಕಡೆಯೂ ಆಗಿದೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಸಾಯುವುದು, ಜೈಲಿಗೆ ಹೋಗುವುದು ನಿನ್ನಂಥ ಹುಡುಗರೇ. ಮಾಲಿನ ಯಜಮಾನ ಎಲ್ಲೋ ಕೂತಿರುತ್ತಾನೆ.

ಎಟಿಎಂ ಕಾರ್ಡ್, ಸಿಮ್ ಯಾರಿಗೂ ಕೊಡಬೇಡ. ಅಕೌಂಟೆಂಟ್ ಆದ ಕಾರಣ ನಿನ್ನನ್ನು ಕೇಳುವವರು ಜಾಸ್ತಿ. 2022ರಿಂದ 2024ರ ಫೆಬ್ರವರಿವರೆಗೆ ಯುಎಇ, ಕಪ್ಪುಹಣದ ಓಡಾಟ ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ಗ್ರೇ ಲಿಸ್ಟ್‌ನಲ್ಲಿ, ಅಂದರೆ ಹೆಚ್ಚಿನ ನಿಗಾ ಇಡುವ ದೇಶಗಳ ಪಟ್ಟಿಯಲ್ಲಿತ್ತು. ಅದರಿಂದ ಹೊರಬರಲು ಹಣದ ಓಡಾಟದ ಮೇಲೆ ನಿಗಾ ಬಹಳ ಬಿಗಿ ಮಾಡಿದರು. ಇನ್ನೊಬ್ಬನ ಮೋಸದ ಹಣ ನಿನ್ನ ಖಾತೆಗೆ ಬಂದು ಹೋದರೂ ಉತ್ತರ ಕೊಡಬೇಕಾದವನು ನೀನೇ. ಊರಿಗೆ ಓಡಿ ಬಂದರಾಯಿತು ಎಂದು ಕೆಲವರು ಹೇಳುತ್ತಾರೆ. ಅದು ಸುಮ್ನೆ ಮಾತು. ಭಾರತ ಮತ್ತು ಯುಎಇ ನಡುವೆ 1999ರಲ್ಲೇ ಆರೋಪಿಗಳ ಹಸ್ತಾಂತರದ ಒಪ್ಪಂದ ಆಗಿದೆ. ಅದರಲ್ಲಿ ಸ್ವಂತ ಪ್ರಜೆಯನ್ನು ಒಪ್ಪಿಸುವುದಿಲ್ಲ, ಆದರೆ ಎರಡೂ ಕಡೆ ಅಪರಾಧವಾದ ಕೆಲಸಕ್ಕೆ ಊರಲ್ಲೇ ಕೇಸು ನಡೆಸಲು ಒಪ್ಪಿಸಬೇಕು. ದೇಶದೇಶಗಳ ಪೊಲೀಸರ ಕೂಟವಾದ ಇಂಟರ್‌ಪೋಲ್‌ನಲ್ಲಿ 196 ದೇಶಗಳಿವೆ. ಇಲ್ಲಿಂದ ಕೇಳಿದ್ದು ಸಿಬಿಐಗೆ ಹೋಗುತ್ತದೆ, ಅಲ್ಲಿಂದ ನಮ್ಮ ಪೊಲೀಸರಿಗೆ. ಇದಕ್ಕೆಂದೇ ಸಿಬಿಐ ಮಾಡಿದ ಭಾರತ್‌ಪೋಲ್ ಪೋರ್ಟಲ್ 2025ರ ಜನವರಿಯಲ್ಲಿ ಶುರುವಾದ ಮೇಲೆ ಈ ದಾರಿ ಇನ್ನೂ ಹತ್ತಿರವಾಗಿದೆ. ನನಗೆ ಇದರಿಂದ ಸಮಾಧಾನವೇ ಇದೆ, ಯಾಕೆಂದರೆ ಹುಡುಗರನ್ನು ಮುಂದೆ ಬಿಟ್ಟು ಹಿಂದೆ ಅಡಗುವವರನ್ನೂ ಇದೇ ದಾರಿಯಲ್ಲಿ ಹಿಡಿಯಬೇಕು.

ನಿನ್ನ ಗೆಳೆಯನಿಗೆ ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಕೈತುಂಬ ಸಂಬಳ ಅಂದಿದ್ದಾರಲ್ಲ, ಅವನನ್ನು ಇವತ್ತೇ ತಡೆ. ಹಾಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿಗೆ ಒಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ಮೋಸ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಮಂದಿ ಭಾರತೀಯರನ್ನು ಅಲ್ಲಿಂದ ಕರೆತರಬೇಕಾಯಿತು. ಏಜೆಂಟನ ಹೆಸರು ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯಾ ನೋಡಲು ಹೇಳು. ನೋಂದಾಯಿತ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತಗೊಳ್ಳುವಂತಿಲ್ಲ.

ನೀನೂ ವಿಸಿಟ್ ವೀಸಾದಲ್ಲಿ ಬಂದು ಕೆಲಸ ಶುರು ಮಾಡಬೇಡ. ಆಫರ್ ಲೆಟರ್ ಮತ್ತು ವೀಸಾದ ಪ್ರತಿ ನನಗೆ ಕಳಿಸು. ಕಂಪನಿಯ ಲೈಸೆನ್ಸ್ ಇಲ್ಲಿ ವಿಚಾರಿಸಿ ಹೇಳುತ್ತೇನೆ. ಟಿಕೆಟ್ ಆಮೇಲೆ ಮಾಡು.